ರಾತ್ರಿ ಎರಡಕ್ಕೆ ಫೋನ್ ಬಡಿದರೆ ಎದ್ದು ಹೋಗೋರು ಯಾರು?

ಈ ಬೇಸಿಗೇಲಿ ನಮ್ಮ ಆಸುಪಾಸಿನ ನಾಲ್ಕು ತೋಟಗಳ ಪಂಪ್‌ಹೌಸ್ ಗೋಡೆ ಮೇಲೆ ಸಣ್ಣ ಕಂಪ್ಯೂಟರ್ ಬಂದು ಕೂತಿದೆ. ರಾಸ್ಪ್‌ಬೆರಿ ಪೈ. ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು ಗಾತ್ರ, 5 ವೋಲ್ಟ್‌ನಲ್ಲಿ ನಡೆಯುತ್ತೆ. ಹುಡುಗರು ಇಂಟರ್ನೆಟ್ ನೋಡಿ ತಾವೇ ಕಟ್ಕೊಂಡಿದ್ದಾರೆ. ಮೋಟ್ರು ಎಷ್ಟು ಆಂಪ್ ಎಳೀತಿದೆ, ಟ್ಯಾಂಕಿನಲ್ಲಿ ನೀರೆಷ್ಟಿದೆ, ಡ್ರಿಪ್ ಲೈನಿನಲ್ಲಿ ಒತ್ತಡ ಎಷ್ಟಿದೆ, ಎಲ್ಲಾ ಐದು ನಿಮಿಷಕ್ಕೊಂದ್ಸಲ ಅಳೆದು ಬರ್ಕೊಳ್ಳುತ್ತೆ. ಮೆಚ್ಚಬೇಕಾದ್ದೇ. ಸಾವಿರಾರು ರೂಪಾಯಿ ಕೊಟ್ಟು ಯಾವುದೋ ಕಂಪನಿಯ ಡಬ್ಬ ತಂದು, ವರ್ಷ ವರ್ಷ ಚಂದಾ ಕಟ್ಟೋದಕ್ಕಿಂತ ಇದು ಎಷ್ಟೋ ವಾಸಿ.

ಆದ್ರೆ ಬಾಕ್ಸ್ ಕೂರಿಸಿದ ಮೂರನೇ ದಿನಕ್ಕೆ ಎಲ್ಲರಿಂದಲೂ ನನಗೆ ಒಂದೇ ಮೆಸೇಜ್: "ಅಣ್ಣ, ಫೋನಿಗೆ ಅಲರ್ಟ್ ಬರೋ ಆ ಒಂದು ಲೈನ್ ಕಳಿಸಿ."

ಕಳಿಸ್ತೀನಿ. ಕಳಿಸಿದ್ದೀನಿ ಕೂಡ. ಆದ್ರೆ ಆ ಲೈನ್ ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಅದನ್ನ ಸ್ಕ್ರಿಪ್ಟಿನಲ್ಲಿ ಎಲ್ಲೆಲ್ಲಿ ಹಾಕಬಾರದು ಅನ್ನೋದು ಯಾರೂ ಕೇಳ್ತಾ ಇಲ್ಲ. ಅದಕ್ಕೇ ಈ ಉದ್ದದ ಬರಹ. ಪುರುಸೊತ್ತಾದಾಗ ಓದಿ.

ನಾನು ಊರಿಗೆ ವಾಪಸ್ ಬರೋ ಮುಂಚೆ ಬೆಂಗಳೂರಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಆಪರೇಟರ್ ಕೆಲಸ ಮಾಡಿದ್ದು ನಿಮಗೆ ಗೊತ್ತು, ಬಹುತೇಕ ರಾತ್ರಿ ಪಾಳಿ. ನಾವು ಕಾಯ್ತಿದ್ದದ್ದು ಐಬಿಎಂನ ಎಎಸ್/400 ಅನ್ನೋ ಯಂತ್ರ. 1988ರಲ್ಲಿ ಬಂದದ್ದು, ಬ್ಯಾಂಕು, ಕಾರ್ಖಾನೆಗಳಲ್ಲಿ ಬಹಳ ಓಡ್ತಿತ್ತು. ರಾತ್ರಿ ಹೊತ್ತು ಲೆಕ್ಕದ ಕೆಲಸಗಳು ಸಾಲಾಗಿ ತಾವೇ ಓಡ್ತವೆ. ಎಲ್ಲಾದ್ರೂ ತೊಡಕಾದ್ರೆ ಆಪರೇಟರ್‌ಗೆ ಸಂದೇಶ ಬರುತ್ತೆ. ಆ ಯಂತ್ರದಲ್ಲಿ ಸಂದೇಶ ಕಳಿಸೋ ಆದೇಶದೊಳಗೇ ಎರಡು ಜಾತಿ ಇತ್ತು. ಒಂದು, ಸುಮ್ನೆ ತಿಳಿಸೋದು. ಇನ್ನೊಂದು, ಪ್ರಶ್ನೆ ಕೇಳೋದು. ಈ ಎರಡನೇ ಥರದ್ದು ಬಂದ್ರೆ ಆಪರೇಟರ್ ಉತ್ತರ ಕೊಡೋ ತನಕ ಕೆಲಸ ಅಲ್ಲೇ ನಿಂತಿರೋ ಹಾಗೆ ಮಾಡಬಹುದಿತ್ತು. "ಕಾಗದ ಮುಗಿದಿದೆ, ಹಾಕಿದ್ಯಾ? ಮುಂದುವರಿಸಲಾ, ರದ್ದು ಮಾಡಲಾ?" ಅನ್ನೋ ರೀತಿ.

ಮೊದಲನೇ ಜಾತಿ ಒಂದು ರಾತ್ರೀಲಿ ನೂರಾರು ಬರೋದು, ನಾವು ತಿರುಗೀನೂ ನೋಡ್ತಿರಲಿಲ್ಲ. ಎರಡನೇದು ಬಂದ್ರೆ ಚಹಾ ಲೋಟ ಅಲ್ಲೇ ಬಿಟ್ಟು ಓಡ್ತಿದ್ವಿ. ನಮ್ಮ ಹುಡುಗರು ಕಟ್ಟಿರೋ ಬಾಕ್ಸುಗಳಲ್ಲಿ ಈ ಎರಡಕ್ಕೂ ಒಂದೇ ದಾರಿ, ಒಂದೇ ಫೋನು, ಒಂದೇ "ಟಿಂಗ್" ಸದ್ದು. ನನ್ನ ತಕರಾರು ಇಲ್ಲಿಂದ ಶುರು.

ಹೋದ ವರ್ಷ ಪಕ್ಕದ ಹಳ್ಳಿಯ ಒಬ್ಬರ ಸಬ್‌ಮರ್ಸಿಬಲ್ ಸುಟ್ಟಿತು. ಮೋಟ್ರು ಎತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಖರ್ಚು ಎಷ್ಟು ಅಂತ ನಿಮಗೆ ಹೇಳಬೇಕಿಲ್ಲ. ನೀರಿಲ್ಲದೆ ಹನ್ನೆರಡು ದಿನ ತೋಟ ಒಣಗಿದ್ದು ಬೇರೆ. ಅವರ ಸ್ಟಾರ್ಟರ್‌ಗೆ ಮೊಬೈಲ್ ಸಿಮ್ ಹಾಕೋ ಡಬ್ಬ ಇತ್ತು, ಅದು ಮೆಸೇಜ್ ಕಳಿಸಿತ್ತು ಕೂಡ. ಆ ರಾತ್ರಿ ಅವರ ಫೋನಿಗೆ ಬಂದಿದ್ದು 43 ಮೆಸೇಜು. ಕರೆಂಟ್ ಬಂತು, ಕರೆಂಟ್ ಹೋಯ್ತು, ಮೋಟ್ರು ಆನ್, ಮೋಟ್ರು ಆಫ್, ವೋಲ್ಟೇಜ್ ಕಡಿಮೆ, ವೋಲ್ಟೇಜ್ ಸರಿಯಾಯ್ತು, ಮತ್ತೆ ಕಡಿಮೆ. ಅದರ ಮಧ್ಯೆ ಎಲ್ಲೋ ಒಂದು ಕಡೆ "ಫೇಸ್ ಫೇಲ್". ಮನುಷ್ಯ ಎರಡು ತಿಂಗಳ ಹಿಂದೇನೇ ಆ ನಂಬರನ್ನ ಸೈಲೆಂಟ್ ಮಾಡಿಟ್ಟಿದ್ದ. ಅವನ ಜಾಗದಲ್ಲಿದ್ದರೆ ನೀವೂ ಅದನ್ನೇ ಮಾಡ್ತಿದ್ರಿ.

ಲೆಕ್ಕ ಹಾಕಿ ನೋಡಿ. ಸ್ಕ್ರಿಪ್ಟು ಐದು ನಿಮಿಷಕ್ಕೊಮ್ಮೆ ಓಡುತ್ತೆ. ಟ್ಯಾಂಕಿನ ನೀರು ಕಡಿಮೆ ಇದ್ದಾಗೆಲ್ಲ ಮೆಸೇಜ್ ಹಾಕು ಅಂತ ಬರೆದಿದ್ರೆ ಗಂಟೆಗೆ 12. ನಮಗೆ ಸಿಗೋ ಏಳು ಗಂಟೆ ತ್ರೀಫೇಸಿನಲ್ಲಿ 84. ಒಂದು ಟ್ಯಾಂಕ್, ಒಂದೇ ತೊಂದರೆ, 84 ಮೆಸೇಜು.

ಹಾಗಾಗಿ ನನ್ನ ಮೊದಲ ಮಾತು: ಅಲರ್ಟ್ ಹೋಗಬೇಕಾದ್ದು ಸ್ಥಿತಿ ಬದಲಾದಾಗ ಮಾತ್ರ. ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿದೆ: ಒಂದು ಮೆಸೇಜ್. ಆಮೇಲೆ ಸರಿಯಾಯ್ತು: ಇನ್ನೊಂದು. ಮಧ್ಯೆ ಬಾಯಿ ಮುಚ್ಕೊಂಡಿರಬೇಕು. ಇದು ಕಷ್ಟದ ಕೆಲಸವೇನಲ್ಲ. ಹೋದ ಸಲ ಏನಿತ್ತು ಅನ್ನೋದನ್ನ ಸಣ್ಣ ಫೈಲಿನಲ್ಲಿ ಒಂದು ಪದ ಬರೆದಿಡಿ, "ಸರಿ" ಅಥವಾ "ಕೆಟ್ಟಿದೆ" ಅಂತ. ಈ ಸಲದ್ದನ್ನ ಅದರ ಜೊತೆ ಹೋಲಿಸಿ, ಬೇರೆ ಇದ್ರೆ ಮಾತ್ರ ಕಳಿಸಿ. ಒಂದೇ ಅಳತೆ ನಂಬಿಕೊಂಡು ಕಿರುಚೋದೂ ಬೇಡ. ಸೆನ್ಸರ್ ವೈರಿಗೆ ಇಲಿ ಬಾಯಿ ಹಾಕಿದ್ರೂ, ಪಕ್ಕದಲ್ಲಿ ದೊಡ್ಡ ಮೋಟ್ರು ಸ್ಟಾರ್ಟ್ ಆದ್ರೂ ಒಂದು ಅಳತೆ ಹುಚ್ಚುಚ್ಚಾಗಿ ಬರುತ್ತೆ. ಮೂರು ಸಲ ಸತತವಾಗಿ ಅದೇ ಬಂದ್ರೆ ನಂಬಿ.

ಎರಡನೇ ಮಾತು ಸ್ವಲ್ಪ ಖಾರ. ಅಲರ್ಟನ್ನ ರಕ್ಷಣೆ ಅಂದ್ಕೊಂಡಿರೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ಮೂರರಲ್ಲಿ ಒಂದು ಫೇಸ್ ಹೋದ್ರೆ ಉಳಿದ ಎರಡರ ಮೇಲೆ ಕರೆಂಟು ಸುಮಾರು ಮುಕ್ಕಾಲು ಪಾಲು ಹೆಚ್ಚಾಗಿ ಹರಿಯುತ್ತೆ, ವೈಂಡಿಂಗ್ ಕಾದು ಸುಡೋಕೆ ನಿಮಿಷಗಳು ಸಾಕು. ನೀವು ಮೆಸೇಜ್ ನೋಡಿ, ಟಾರ್ಚ್ ಹುಡುಕಿ, ಚಪ್ಪಲಿ ಮೆಟ್ಟಿ, ಗಾಡಿ ತೆಗೆದು ಹೋಗೋ ಹೊತ್ತಿಗೆ ಅಲ್ಲಿ ಉಳಿದಿರೋದು ವಾಸನೆ ಮಾತ್ರ. ಮೋಟ್ರು ಉಳಿಸಬೇಕಾದ್ದು ಪ್ಯಾನಲ್ ಬೋರ್ಡಿನ ಸಿಂಗಲ್ ಫೇಸ್ ಪ್ರಿವೆಂಟರ್, ಡ್ರೈರನ್ ರಿಲೇ. ಅವೆರಡೂ ಕೆಲಸ ಮಾಡ್ತಿವೆ ಅಂತ ಖಾತ್ರಿ ಇಲ್ಲದೆ ಅಲರ್ಟ್ ಹಾಕ್ಕೊಂಡು ಏನೂ ಪ್ರಯೋಜನ ಇಲ್ಲ. ಆ ದುಡ್ಡಿಗೆ ಮೊದಲು ರಿಲೇ ಬದಲಾಯಿಸಿ.

ಯಂತ್ರ ತಾನೇ ಮಾಡಬಹುದಾದ್ದನ್ನ ಯಂತ್ರ ಮಾಡಲಿ. ಮಾಡಿದ ಮೇಲೆ ಬೆಳಿಗ್ಗೆ ಹೇಳಲಿ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಮ್ಮಪ್ಪನಿಗೆ ಈಗ 71. ರಾತ್ರಿ ಫೋನ್ ಸದ್ದಾದ್ರೆ ಅವರು ಅದೇನು ಅಂತ ಓದೋಕೂ ಕೂರಲ್ಲ, ದೊಣ್ಣೆ ತಗೊಂಡು ಹೊರಟೇ ಬಿಡ್ತಾರೆ. ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಚಿರತೆ ಯಾವ ತೋಟದಲ್ಲಿ ಮಲಗಿರುತ್ತೋ ಯಾರಿಗೂ ಗೊತ್ತಿಲ್ಲ. ಕರಡಿ ಬೇರೆ. ಹಾವಂತೂ ಬೇಸಿಗೆ ರಾತ್ರೀಲಿ ಡ್ರಿಪ್ ಪೈಪಿನ ತಂಪಿಗೆ ಬಂದೇ ಬರುತ್ತೆ. ಟ್ಯಾಂಕಿನಲ್ಲಿ ನೀರು ಇಪ್ಪತ್ತು ಪರ್ಸೆಂಟ್‌ಗೆ ಇಳೀತು ಅನ್ನೋ ಸುದ್ದಿಗೆ ಒಬ್ಬ ವಯಸ್ಸಾದ ಮನುಷ್ಯ ರಾತ್ರಿ ಎರಡಕ್ಕೆ ಕತ್ತಲಲ್ಲಿ ನಡೀಬೇಕಾ? ಬೆಳಿಗ್ಗೆ ಆರಕ್ಕೆ ಗೊತ್ತಾದ್ರೆ ತೆಂಗು ಸಾಯುತ್ತಾ?

ಅದಕ್ಕೇ ನಮ್ಮ ಮನೇಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಐದೂವರೆವರೆಗೆ ಅಪ್ಪನ ಫೋನಿಗೆ ಯಾವ ಅಲರ್ಟೂ ಹೋಗಲ್ಲ. ನನ್ನ ಫೋನಿಗೆ ಹೋಗೋದು ಎರಡೇ: ಪಂಪ್‌ಹೌಸ್ ಬಾಗಿಲು ತೆಗೆದಿದೆ ಅನ್ನೋದು, ಮೋಟ್ರು ಆಫ್ ಮಾಡು ಅಂದ ಮೇಲೂ ಕರೆಂಟ್ ಎಳೀತಾನೇ ಇದೆ ಅನ್ನೋದು. ಮೊದಲನೇದು ಕಳ್ಳತನ. ಕೇಬಲ್ ಕಳ್ಳರ ಕಾಟ ನಿಮಗೂ ಗೊತ್ತಿದ್ದದ್ದೇ. ಎರಡನೇದು ಕಾಂಟ್ಯಾಕ್ಟರ್ ಅಂಟಿಕೊಂಡಿದೆ ಅಂತ ಅರ್ಥ, ಯಂತ್ರದ ಕೈಯಲ್ಲಿ ಏನೂ ಆಗಲ್ಲ, ಮನುಷ್ಯನೇ ಹೋಗಿ ಮೈನ್ ಎಳೀಬೇಕು. ಬಾಕಿ ಎಲ್ಲಾ ಬೆಳಿಗ್ಗೆ ಆರಕ್ಕೆ ಒಂದೇ ಮೆಸೇಜಿನಲ್ಲಿ ಬರುತ್ತೆ.

"ಎಲ್ಲಾ ಬರಲಿ ಬಿಡಣ್ಣ, ಬೇಕಾದ್ದು ನಾವೇ ನೋಡ್ಕೋತೀವಿ" ಅನ್ನೋರಿಗೆ ನನ್ನ ಉತ್ತರ: ಬರಲಿ, ಫೈಲಿಗೆ ಬರಲಿ. ಬಾಕ್ಸಿನೊಳಗೆ ದಿನದ ಲೆಕ್ಕ ಬರೆದಿಡೋಕೆ ಜಾಗಕ್ಕೆ ಬರ ಇಲ್ಲ. ಫೋನಿಗೆ ಬೇಡ.

ಇನ್ನು ಗುಂಪಿನ ವಿಷಯ. ಅಣ್ಣ ತಮ್ಮ ಭಾವಮೈದ ಎಲ್ಲರೂ ಇರೋ ಗ್ರೂಪಿಗೆ ಅಲರ್ಟ್ ಹಾಕಿದ್ದಾರೆ ಒಬ್ಬರು. ಮೆಸೇಜ್ ಬಂತು, ಆರು ಜನ ನೋಡಿದ್ರು, ಆರೂ ಜನ ಇನ್ನೊಬ್ಬ ಹೋಗಿರ್ತಾನೆ ಅಂದ್ಕೊಂಡ್ರು. ಒಬ್ಬರ ಹೆಸರಿಗೆ ಕಳಿಸಿ. ಅವರು ಅರ್ಧ ಗಂಟೇಲಿ ಉತ್ತರಿಸದಿದ್ರೆ ಎರಡನೆಯವರಿಗೆ ಹೋಗಲಿ.

ಈಗ ಆ ಒಂದು ಲೈನಿಗೆ ಬರೋಣ. ತಾಂತ್ರಿಕ ಗೊಡವೆ ಬೇಡ ಅನ್ನೋರು ಮುಂದಿನ ನಾಲ್ಕೈದು ಪ್ಯಾರಾ ಹಾರಿಸಬಹುದು. ಬಾಕ್ಸ್ ಇಟ್ಕೊಂಡಿರೋರು ಹಾರಿಸಬೇಡಿ.

ಹೊತ್ತುಹೊತ್ತಿಗೆ ಕೆಲಸ ಓಡಿಸೋದು ಕ್ರಾನ್. ಯುನಿಕ್ಸ್ ಕಾಲದಿಂದ, ಅಂದ್ರೆ 1970ರ ದಶಕದಿಂದ ಬಂದಿರೋ ಹಳೇ ಆಳು. ನಂಬಿಗಸ್ತ, ಆದ್ರೆ ಮೂಗ. ಕೆಲಸ ಕೆಟ್ರೆ ಅದೇ ಯಂತ್ರದೊಳಗಿನ ಅಂಚೆಗೆ ಒಂದು ಮೇಲ್ ಹಾಕೋದು ಅದರ ಪದ್ಧತಿ. ನಮ್ಮ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಆ ಅಂಚೆ ವ್ಯವಸ್ಥೆ ಇರೋದೇ ಇಲ್ಲ, ಹಾಗಾಗಿ ಅದರ ಗೋಳು ಯಾರಿಗೂ ಕೇಳಲ್ಲ. ಸಂದೇಶ ಹೊರಗೆ ಹೋಗಬೇಕು ಅಂದ್ರೆ ನಾವೇ ಆದೇಶ ಕೊಡಬೇಕು, ಅದಕ್ಕೆ ಎಲ್ಲರೂ ಬಳಸೋದು ಕರ್ಲ್. ಬರೀ ಅಕ್ಷರದಲ್ಲಿ ಆದೇಶ ಕೊಟ್ಟು ಇಂಟರ್ನೆಟ್ ವಿಳಾಸಕ್ಕೆ ಮಾತು ತಲುಪಿಸೋ ಪುಟ್ಟ ಸಲಕರಣೆ, 1998ರಿಂದ ಇದೆ. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಹತ್ತಿರ ಒಂದು ಬಾಟ್ ಮಾಡಿಸ್ಕೊಂಡ್ರೆ ಒಂದು ಟೋಕನ್ ಕೊಡ್ತಾನೆ. ಆ ಟೋಕನ್, ನಿಮ್ಮ ಚಾಟ್ ನಂಬರ್, ಹೇಳಬೇಕಾದ ಮಾತು, ಮೂರನ್ನೂ ಸೇರಿಸಿ ಕರ್ಲ್‌ಗೆ ಕೊಟ್ರೆ ಮುಗೀತು.

ಟೋಕನ್ ಅಂದ್ರೆ ಬೀಗದ ಕೈ. ಅದನ್ನ ಸ್ಕ್ರೀನ್‌ಶಾಟ್ ಹೊಡೆದು ಗ್ರೂಪಿಗೆ ಹಾಕಬೇಡಿ, ಇಬ್ಬರು ಹಾಕಿದ್ದು ನೋಡಿದೆ. ಹಾಕಿದ್ರೆ ಬಾಟ್‌ಫಾದರ್ ಹತ್ತಿರಾನೇ ಹಳೇದು ರದ್ದು ಮಾಡಿ ಹೊಸದು ತಗೊಳ್ಳಿ.

ಈಗ ತೊಡಕುಗಳು. ಕರ್ಲ್ ಮುಗಿದಾಗ ಒಂದು ಅಂಕಿ ಬಿಟ್ಟು ಹೋಗುತ್ತೆ, ಸೊನ್ನೆ ಅಂದ್ರೆ ಸರಿಹೋಯ್ತು ಅಂತ. ಆದ್ರೆ ಆ ಕಡೆ ಸರ್ವರ್ "ಟೋಕನ್ ತಪ್ಪು, ಹೋಗಯ್ಯ" ಅಂದ್ರೂ ಕರ್ಲ್ ಪಾಲಿಗೆ ಅದು ಸೊನ್ನೇನೇ. ಯಾಕಂದ್ರೆ ಮಾತು ಮುಟ್ಟಿಸಿ ಉತ್ತರ ತಂದೆನಲ್ಲ ಅನ್ನೋದು ಅದರ ನ್ಯಾಯ. ಇದನ್ನ ತಪ್ಪು ಅಂತ ಎಣಿಸು ಅಂತ ಹೇಳೋಕೆ "ಫೇಲ್" ಅನ್ನೋ ಆಯ್ಕೆ ಇದೆ, ಹಾಕಲೇಬೇಕು. ನೆಟ್ ಸತ್ತಿರೋವಾಗ ಅದು ಕಾಯ್ತಾ ಕೂರದ ಹಾಗೆ "ಮ್ಯಾಕ್ಸ್ ಟೈಮ್" ಅಂತ ಇಪ್ಪತ್ತು ಸೆಕೆಂಡ್ ಕೊಡಿ. ಇಲ್ಲದಿದ್ರೆ ಒಂದರ ಹಿಂದೆ ಒಂದು ಸ್ಕ್ರಿಪ್ಟು ಸಂತೆ ದಿನದ ಎತ್ತಿನಗಾಡಿ ಥರ ಸಾಲುಗಟ್ಟಿ ನಿಲ್ಲುತ್ತೆ.

ಕೈಯಲ್ಲಿ ಓಡಿಸಿದ್ರೆ ಕೆಲಸ ಮಾಡುತ್ತೆ, ಕ್ರಾನ್‌ನಲ್ಲಿ ಮಾಡಲ್ಲ ಅಂತ ಇಬ್ಬರು ಕೇಳಿದ್ರಿ. ಕ್ರಾನ್‌ಗೆ ನಿಮ್ಮ ಊರ ದಾರಿ ಎಲ್ಲಾ ಗೊತ್ತಿರಲ್ಲ, ಪ್ರೋಗ್ರಾಂ ಎಲ್ಲಿದೆ ಅಂತ ಪೂರ್ತಿ ವಿಳಾಸ ಬರೀಬೇಕು. ಮೆಸೇಜ್ ಅರ್ಧಕ್ಕೆ ತುಂಡಾಗುತ್ತೆ ಅಂದಿದ್ದವರಿಗೆ: ನೀವು ಕ್ರಾನ್ ಸಾಲಿನಲ್ಲೇ "ಟ್ಯಾಂಕ್ 20% ಇದೆ" ಅಂತ ಬರೆದಿದ್ದೀರಿ. ಕ್ರಾನ್ ಆ ಪರ್ಸೆಂಟ್ ಗುರುತನ್ನ ಹೊಸ ಸಾಲು ಅಂತ ತಿಳ್ಕೊಳ್ಳುತ್ತೆ, ಆದೇಶ ಅಲ್ಲಿಗೇ ಮುಗೀತು ಅಂತ. ಮೆಸೇಜನ್ನ ಸ್ಕ್ರಿಪ್ಟ್ ಫೈಲಿನೊಳಗೆ ಬರೆದು ಕ್ರಾನ್‌ನಲ್ಲಿ ಆ ಫೈಲಿನ ಹೆಸರು ಮಾತ್ರ ಹಾಕಿ. ಇನ್ನೊಂದು, ಈ ಬಾಕ್ಸುಗಳಲ್ಲಿ ಹೆಚ್ಚಿನವಕ್ಕೆ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ನೆಟ್ ಸಿಗೋ ತನಕ ಟೈಮ್ ಹಿಂದೆ ಉಳಿದಿರುತ್ತೆ. ಹೊತ್ತಲ್ಲದ ಹೊತ್ತಲ್ಲಿ ವಾಲ್ವ್ ತೆಗೆದ್ರೆ ಗಾಬರಿ ಆಗಬೇಡಿ, ನೂರಿನ್ನೂರು ರೂಪಾಯಿಯ ಗಡಿಯಾರದ ಮಾಡ್ಯೂಲ್ ಹಾಕಿ.

ನೆಟ್ ಇಲ್ಲದ ತೋಟಕ್ಕೆ ಗ್ಯಾಮು ಅಂತ ಇನ್ನೊಂದು ಸಲಕರಣೆ ಇದೆ. ಯುಎಸ್‌ಬಿ ಡಾಂಗಲ್ಲಿಗೆ ಸಿಮ್ ಹಾಕಿ ಆದೇಶ ಕೊಟ್ರೆ ಎಸ್ಸೆಮ್ಮೆಸ್ ಹೋಗುತ್ತೆ. ಹಳೇ 2ಜಿ ಮಾಡ್ಯೂಲಿಗೆ ಜಿಯೋ ಸಿಮ್ ಆಗಲ್ಲ, ಅವರದ್ದು ಬರೀ 4ಜಿ, 5ಜಿ. ಕನ್ನಡದಲ್ಲಿ ಕಳಿಸಬೇಕು ಅಂದ್ರೆ "ಯುನಿಕೋಡ್" ಅಂತ ಹೇಳಬೇಕು. ಆಗ ಒಂದು ಎಸ್ಸೆಮ್ಮೆಸ್‌ಗೆ 160ರ ಬದಲು 70 ಅಕ್ಷರ ಮಾತ್ರ. ಅದೂ ಯಂತ್ರದ ಎಣಿಕೆ: "ಅಡಿಕೆ" ನಮ್ಮ ಕಣ್ಣಿಗೆ ಮೂರಕ್ಷರ, ಅದಕ್ಕೆ ಐದು, ಗುಡಿಸು, ಎತ್ವ ಎಲ್ಲಾ ಬೇರೆ ಬೇರೆ ಎಣಿಸುತ್ತೆ. ನನಗೆ ಈ 70ರ ಬೇಲಿ ಇಷ್ಟ. ಮಾತು ಬಿಗಿ ಆಗುತ್ತೆ. ನಾನು ಬರೆದಿರೋದು ಹೀಗಿದೆ:

"ಬೋರ್ 2: ಕರೆಂಟ್ ಇದೆ, ನೀರಿಲ್ಲ. ಮೋಟರ್ ಆಫ್ ಆಗಿದೆ. ಬೆಳಿಗ್ಗೆ ನೋಡಿ."

ಯಂತ್ರದ ಲೆಕ್ಕದಲ್ಲಿ ಸರಿಯಾಗಿ 60. ಎಲ್ಲಿ, ಏನಾಗಿದೆ, ಯಂತ್ರ ಏನು ಮಾಡಿದೆ, ನೀನು ಏನು ಮಾಡಬೇಕು. ನಾಲ್ಕೂ ಇದೆ. "ಎರರ್ ಕೋಡ್ 3" ಅಂತ ಬಂದ್ರೆ ತೋಟದ ಮನೇಲಿ ಮಲಗಿರೋ ಆಳು ಏನ್ ಮಾಡ್ಬೇಕು? ಅವನ ಕೀಪ್ಯಾಡ್ ಫೋನ್ ಕನ್ನಡ ತೋರಿಸುತ್ತಾ, ಬರೀ ಚೌಕ ಚೌಕ ತೋರಿಸುತ್ತಾ, ಅದನ್ನೂ ಮೊದಲೇ ನೋಡ್ಕೊಳ್ಳಿ.

ಇನ್ನೊಂದು ಸೂಕ್ಷ್ಮ. ಸ್ಕ್ರಿಪ್ಟ್ ಮುಗೀತು ಅಂದ ಮಾತ್ರಕ್ಕೆ ಕೆಲಸ ಆಯ್ತು ಅಂತಲ್ಲ. "ವಾಲ್ವ್ 4 ತೆಗೆದಿದೆ" ಅಂತ ಮೆಸೇಜ್ ಬರುತ್ತಲ್ಲ, ಅದರ ನಿಜವಾದ ಅರ್ಥ "ವಾಲ್ವ್ 4ಕ್ಕೆ ತೆಗಿ ಅಂತ ಹೇಳಿದ್ದೀನಿ". ತೆಗೀತೋ ಇಲ್ಲವೋ ಹೇಳಬೇಕಾದ್ದು ಪೈಪಿನ ಒತ್ತಡ. ನಮ್ಮ 5 ಎಚ್‌ಪಿ ಮೋಟ್ರು ನೀರೆತ್ತುವಾಗ ಒಂಬತ್ತೂವರೆ ಆಂಪ್ ಎಳೀತದೆ, ನೀರಿಲ್ಲದೆ ಸುತ್ತಿದ್ರೆ ಐದೂವರೆಗೆ ಇಳಿಯುತ್ತೆ. ರಿಲೇ ಆನ್ ಆಯ್ತು ಅನ್ನೋದಕ್ಕಿಂತ ಈ ಆಂಪ್ ಲೆಕ್ಕಾನೇ ನನಗೆ ಬೇಕಾದ ಸುದ್ದಿ.

ಕೊನೇದಾಗಿ, ಯಾರೂ ಯೋಚನೆ ಮಾಡದೆ ಇರೋ ವಿಷಯ. ಅಲರ್ಟ್ ಬರಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ನಾವು ನಿದ್ದೆ ಮಾಡ್ತೀವಿ. ಬಾಕ್ಸೇ ಸತ್ತಿದ್ರೆ? ನಮ್ಮ ಕಡೆ ಕರೆಂಟ್ ಹೋಗಿ ಎರಡು ಮೂರು ಗಂಟೆ ಆದ್ರೆ ಮೊಬೈಲ್ ಟವರೂ ಮಲಗುತ್ತೆ. ಅಂದ್ರೆ ತೊಂದರೆ ದೊಡ್ಡದಾದಷ್ಟೂ ಸುದ್ದಿ ಬರೋ ದಾರಿ ಸಣ್ಣದಾಗುತ್ತೆ. ಸತ್ತ ಬಾಕ್ಸ್ "ನಾನು ಸತ್ತೆ" ಅಂತ ಮೆಸೇಜ್ ಹಾಕಲ್ಲವಲ್ಲ.

ಇದಕ್ಕೆ ಉಪಾಯ ಉಲ್ಟಾ ಕಾಯೋದು. ನಮ್ಮ ಬಾಕ್ಸು ಗಂಟೆಗೊಂದ್ಸಲ ಹೊರಗಿನ ಒಂದು ವಿಳಾಸಕ್ಕೆ ಕರ್ಲ್‌ನಲ್ಲಿ "ಇದ್ದೀನಿ" ಅಂತ ಬಾಗಿಲು ತಟ್ಟಿ ಬರುತ್ತೆ. ಹೇಳಿದ ಹೊತ್ತಿಗೆ ತಟ್ಟದಿದ್ರೆ ಆ ಕಡೆಯವರು ನಮಗೆ ಹೇಳ್ತಾರೆ. ಹೆಲ್ತ್‌ಚೆಕ್ಸ್ ಡಾಟ್ ಐಓ ಅನ್ನೋ ಸೇವೆ ಇದನ್ನೇ ಮಾಡುತ್ತೆ, ನಮ್ಮಂಥ ಸಣ್ಣ ಬಳಕೆಗೆ ಬಿಟ್ಟಿ. ಬಾಗಿಲು ತಟ್ಟೋ ಆದೇಶವನ್ನ ಸ್ಕ್ರಿಪ್ಟಿನ ಕೊನೇಲಿ ಹಾಕಿ, ಅದೂ ಹಿಂದಿನ ಕೆಲಸ ಸೊನ್ನೆ ಅಂತ ಮುಗಿದಿದ್ರೆ ಮಾತ್ರ. ಶುರುವಿನಲ್ಲೇ ತಟ್ಟಿಬಿಟ್ರೆ ಬರೀ ಎದ್ದಿದ್ದೀನಿ ಅಂತ ಹೇಳಿದ ಹಾಗೆ, ಕೆಲಸ ಮಾಡಿದ್ದೀನಿ ಅಂತಲ್ಲ.

ಒಬ್ಬರು ಒಳ್ಳೇ ಮಾತು ಹೇಳಿದ್ರು, ನಿಮ್ಮ ಬಾಕ್ಸ್ ನಾನು ಕಾಯ್ತೀನಿ, ನನ್ನದು ನೀವು ಕಾಯಿರಿ ಅಂತ. ನೆರೆಹೊರೆ ಅಂದ್ರೆ ಹಾಗೇ ಇರಬೇಕು. ಆದ್ರೆ ನಮ್ಮಿಬ್ಬರದ್ದೂ ಒಂದೇ ಫೀಡರ್, ಒಂದೇ ಟವರ್. ಹೋದ್ರೆ ಇಬ್ಬರದ್ದೂ ಒಟ್ಟಿಗೇ ಹೋಗುತ್ತೆ. ಕಾಯೋನು ಬೇರೆ ಊರಲ್ಲಿರಬೇಕು. ತುಮಕೂರಲ್ಲೋ ಬೆಂಗಳೂರಲ್ಲೋ ಓದ್ತಿರೋ ನಿಮ್ಮ ಮಕ್ಕಳ ರೂಮಿನಲ್ಲಿ ಹಳೇ ಲ್ಯಾಪ್‌ಟಾಪ್ ಒಂದಿದ್ರೆ ನಾಲ್ಕೂ ತೋಟಕ್ಕೆ ಅದೇ ಸಾಕು.

ಆ ಕಾವಲಿನವನ ಮೆಸೇಜಿಗೂ ರಾತ್ರಿ ಏಳಬೇಕಾಗಿಲ್ಲ. "ತೋಟದಿಂದ ಮೂರು ಗಂಟೆಯಿಂದ ಸುದ್ದಿ ಇಲ್ಲ" ಅಂದ್ರೆ ಬಹುತೇಕ ಕರೆಂಟ್ ಇಲ್ಲ ಅಂತ, ಕರೆಂಟ್ ಇಲ್ಲದೆ ಮೋಟ್ರೂ ಸುಡಲ್ಲ. ಬೆಳಿಗ್ಗೆ ಹೋದಾಗ ಮೊದಲು ಬಾಕ್ಸ್ ನೋಡಬೇಕು ಅನ್ನೋದು ತಲೇಲಿದ್ರೆ ಆಯ್ತು. ಕೇಬಲ್ ಕಳ್ಳರೇ ಕರೆಂಟ್ ಕಿತ್ತು ಒಳಗೆ ನುಗ್ಗಿರಬಹುದಲ್ಲ ಅಂತ ನೀವು ಕೇಳಬಹುದು. ನಿಜ. ಅದಕ್ಕೆ ನಾನು ಬಾಕ್ಸಿಗೆ ಪ್ರತ್ಯೇಕ ಬ್ಯಾಟರಿ ಇಟ್ಟಿದ್ದೀನಿ, ಬಾಗಿಲಿನ ಸ್ವಿಚ್ಚು ಅದರಿಂದಲೇ ನಡೆಯುತ್ತೆ.

ಈ ಭಾನುವಾರ ಬೆಳಿಗ್ಗೆ ಎಂಟರಿಂದ ತೋಟದಲ್ಲೇ ಇರ್ತೀನಿ. ಬಾಕ್ಸ್ ಬಿಚ್ಕೊಂಡು ಬರೋದು ಬೇಡ, ಅದರ ಕಾರ್ಡೂ, ಹೋದ ವಾರ ನಿಮ್ಮ ಫೋನಿಗೆ ಬಂದಿರೋ ಅಲರ್ಟುಗಳೂ ಇದ್ರೆ ಸಾಕು. ಒಂದೊಂದೇ ಓದಿ, ಯಾವುದಕ್ಕೆ ನೀವು ನಿಜವಾಗ್ಲೂ ಎದ್ದು ಹೋದಿರಿ ಅಂತ ಗುರುತು ಹಾಕೋಣ. ಉಳಿದ ಸಾಲುಗಳನ್ನ ಅಲ್ಲೇ ಕೂತು ಅಳಿಸೋಣ.